ಅಪ್‌ಡೇಟ್: ಚಿಕ್ಕಮ್ಮನ ಪುನರ್ವಸತಿ ಮನೆ ಬಾಡಿಗೆಗೆ ಕೊಡಲಿಲ್ಲ

2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಚಿಕ್ಕಮ್ಮನಿಗೆ ಮಡಿಕೇರಿ ಹತ್ತಿರ ಸರ್ಕಾರ ಕೊಟ್ಟ ಮನೆಯನ್ನು ವಾರಾಂತ್ಯಕ್ಕೆ ಪ್ರವಾಸಿಗರಿಗೆ ಕೊಡಬಹುದಾ ಅಂತ ಹೋದ ತಿಂಗಳು ಕೇಳಿದ್ದೆ.

ಇಬ್ಬರೂ ಕೂತು ಹಕ್ಕುಪತ್ರ ಓದಿದೆವು. ಸ್ವಂತ ವಾಸಕ್ಕೆ ಮಾತ್ರ ಅಂತ ಷರತ್ತಿದೆ. ಹೋಂಸ್ಟೇ ಅಂತ ನೋಂದಾಯಿಸೋಣ ಅಂದರೆ, ಮಾಲೀಕರು ಅಲ್ಲೇ ವಾಸ ಇರಬೇಕು. ಚಿಕ್ಕಮ್ಮ ಆ ಎರಡು ದಿನ ನಮ್ಮ ಮನೆಗೆ ಬರುವ ಯೋಚನೆಯಲ್ಲಿದ್ದರು. ಅಲ್ಲಿಗೆ ಅದೂ ಮುಗಿಯಿತು.

ಕಾನೂನಿಗಿಂತ ಜಾಸ್ತಿ ನನ್ನನ್ನು ತಡೆದದ್ದು ತೋಟದ ಲೈನ್ ಮನೆಯ (ಕೂಲಿಯವರ ಸಾಲುಮನೆ) ಒಬ್ಬ ಅಜ್ಜಿ. ಮಳೆ ಜೋರಾದರೆ ಈಗಲೂ ಬಟ್ಟೆಗಂಟು, ರೇಷನ್ ಕಾರ್ಡ್ ಬಾಗಿಲ ಹತ್ತಿರ ಇಟ್ಟು ಮಲಗುತ್ತಾರೆ. ಅಂಥವರಿಗೆ ಸಿಗಬೇಕಾದ ಸೂರು ಅಲ್ವಾ ಇದು? ಅದರಲ್ಲಿ ವ್ಯಾಪಾರ ಮಾಡಲು ಮನಸ್ಸು ಒಪ್ಪಲಿಲ್ಲ.

ಚಿಕ್ಕಮ್ಮ ಈಗ ಹತ್ತಿರದ ಹೋಂಸ್ಟೇಗೆ ಕಡುಬು, ಅಕ್ಕಿರೊಟ್ಟಿ ಮಾಡಿಕೊಡುತ್ತಿದ್ದಾರೆ. ದುಡ್ಡು ಕಡಿಮೆಯೇ. ಆದರೆ ರಾತ್ರಿ ತಮ್ಮ ಮನೆಯಲ್ಲೇ ಮಲಗುತ್ತಾರೆ.