ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಓಪನ್ ಸೋರ್ಸ್ ಪಿಡಿಎಫ್ ಲೈಬ್ರರಿ: ಬಳಸಿದವರು ಹೇಳ್ತೀರಾ?

ಅಂಗಡಿಗಳಿಗೆ ಮಾರಲು ಜಾವಾದಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಬಿಲ್ ಪಿಡಿಎಫ್ ಆಗಲು ಐಟೆಕ್ಸ್ಟ್ 5 ಅನ್ನುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕಿದ್ದೇನೆ. ಓಪನ್ ಸೋರ್ಸ್ ಅಂದಮೇಲೆ ಮಾರಲು ತೊಂದರೆ ಇಲ್ಲ ಅಲ್ವಾ?

ಉತ್ತರ

ತೊಂದರೆ ಇದೆ, ಈಗಲೇ ಕೇಳಿದ್ದು ಒಳ್ಳೆಯದಾಯಿತು. ಐಟೆಕ್ಸ್ಟ್ 2.1.7ರವರೆಗೆ ಎಲ್‌ಜಿಪಿಎಲ್, ಎಂಪಿಎಲ್ ಅನ್ನುವ ಲೈಸೆನ್ಸುಗಳಲ್ಲಿತ್ತು, ಅಂದರೆ ನಮ್ಮ ಕೋಡ್ ಕೊಡದೆಯೂ ಬಳಸಬಹುದಿತ್ತು. 2009ರಲ್ಲಿ 5ನೇ ವರ್ಷನ್ ಬಂದಾಗ ಎಜಿಪಿಎಲ್ ಅನ್ನುವ ಬಿಗಿ ಲೈಸೆನ್ಸ್ ಆಯಿತು. ಎಜಿಪಿಎಲ್ ಇದ್ದರೂ ಮಾರಬಹುದು. ಆದರೆ ನಿಮ್ಮ ಇಡೀ ಸಾಫ್ಟ್‌ವೇರಿನ ಸೋರ್ಸ್ ಕೋಡನ್ನು ಅದೇ ಲೈಸೆನ್ಸಿನಲ್ಲಿ ಗಿರಾಕಿಗೆ ಕೊಡಬೇಕಾಗುತ್ತದೆ. ಬೇಡ ಅಂದರೆ ದುಡ್ಡು ಕೊಟ್ಟು ಅವರ ಕಮರ್ಷಿಯಲ್ ಲೈಸೆನ್ಸ್ ತೆಗೆದುಕೊಳ್ಳಬೇಕು.

ನಮಗೆ ಇದು ಗೊತ್ತಾಗಿದ್ದು ತೀರಾ ತಡವಾಗಿ. ದೊಡ್ಡ ಗಿರಾಕಿಯೊಬ್ಬರು ಸಹಿ ಹಾಕುವ ಮುಂಚೆ, ಏನೇನು ಲೈಬ್ರರಿ ಇದೆ, ಒಂದೊಂದರ ಲೈಸೆನ್ಸ್ ಯಾವುದು, ಪಟ್ಟಿ ಕೊಡಿ ಅಂದರು. ಪಟ್ಟಿ ಮಾಡಲು ಕೂತಾಗಲೇ ನಾವು ಎಜಿಪಿಎಲ್ ಅನ್ನುವ ಪದ ಓದಿದ್ದು. ಸಹಿ ಮೂರು ವಾರ ಮುಂದಕ್ಕೆ ಹೋಯಿತು. ಆ ಮೂರು ವಾರ ನಿದ್ದೆ ಸರಿಯಾಗಿ ಬರಲಿಲ್ಲ.

ಮೊದಲು ಅಪಾಚೆ ಪಿಡಿಎಫ್‌ಬಾಕ್ಸ್ ನೋಡಿದೆವು. ಲೈಸೆನ್ಸ್ ಅಪಾಚೆ 2.0, ಚಿಂತೆ ಇಲ್ಲ. ಆದರೆ ಅದರಲ್ಲಿ ಟೇಬಲ್ ಇಲ್ಲ, ಬಿಲ್ಲಿನ ಒಂದೊಂದು ಗೆರೆಯನ್ನೂ ನಾವೇ ಲೆಕ್ಕ ಹಾಕಿ ಎಳೆಯಬೇಕು. ಕೊನೆಗೆ ಓಪನ್‌ಪಿಡಿಎಫ್‌ಗೆ ಬಂದೆವು. ಅದು ಹಳೆಯ ಐಟೆಕ್ಸ್ಟ್ ಕೋಡಿನಿಂದಲೇ ಕವಲೊಡೆದದ್ದು, ಎಲ್‌ಜಿಪಿಎಲ್, ಎಂಪಿಎಲ್ ಎರಡರಲ್ಲೂ ಸಿಗುತ್ತದೆ. ನಮ್ಮ ಕೋಡಿನಲ್ಲಿ ಜಾಸ್ತಿ ಬದಲಾಗಿದ್ದು ಲೈಬ್ರರಿಯನ್ನು ಹೆಸರಿಸಿ ಕರೆಯುವ ಇಂಪೋರ್ಟ್ ಸಾಲುಗಳೇ. ಅದರ ಜಾರ್ ಫೈಲನ್ನು (ಜಾವಾ ಕೋಡ್ ಕಟ್ಟಿಟ್ಟ ಫೈಲು) ನಿಮ್ಮದರೊಳಗೆ ಕಲಸಿಬಿಡಬೇಡಿ, ಬೇರೆಯಾಗಿಯೇ ಇಡಿ. ಬಳಸುವವರು ಬೇಕಾದರೆ ಆ ಲೈಬ್ರರಿಯನ್ನು ಬದಲಿಸಿಕೊಳ್ಳುವಂತಿರಬೇಕು ಅನ್ನುವುದು ಎಲ್‌ಜಿಪಿಎಲ್‌ನ ಷರತ್ತು. ಲೈಬ್ರರಿಯ ಕೋಡನ್ನೇ ತಿದ್ದಿದರೆ ಆ ತಿದ್ದುಪಡಿಯ ಸೋರ್ಸ್ ಕೊಡಬೇಕು.

ಇನ್ನೊಂದು ಮಾತು. ನೀವು ಹಾಕಿದ ಲೈಬ್ರರಿ ತನ್ನ ಜೊತೆ ಬೇರೆ ಲೈಬ್ರರಿಗಳನ್ನು ಎಳೆದು ತರುತ್ತದೆ. ಲೈಬ್ರರಿಗಳನ್ನು ತಂದುಕೊಡುವ ಮೇವನ್ ಟೂಲ್ ಇದ್ದರೆ ಡಿಪೆಂಡೆನ್ಸಿ ಟ್ರೀ, ಅಂದರೆ ಯಾವುದು ಯಾವುದನ್ನು ಎಳೆದು ತಂದಿದೆ ಅನ್ನುವ ಪಟ್ಟಿ, ತೆಗೆದು ಕೊನೆಯ ಸಾಲಿನವರೆಗೂ ನೋಡಿ. ಎಂಐಟಿ, ಅಪಾಚೆಯಂಥ ಸಡಿಲ ಲೈಸೆನ್ಸ್ ಇದ್ದರೂ ಸುಮ್ನೆ ಬಿಡಬೇಡಿ. ಅವುಗಳ ಕಾಪಿರೈಟ್ ಸಾಲು, ಲೈಸೆನ್ಸ್ ಪಠ್ಯ ನಿಮ್ಮ ಸಾಫ್ಟ್‌ವೇರ್ ಜೊತೆ ಹೋಗಲೇಬೇಕು. ಪುಕ್ಕಟೆ ಕೊಟ್ಟವರ ಹೆಸರು ಉಳಿಸುವುದು ನಮ್ಮಿಂದ ಆಗುವಷ್ಟಾದರೂ ಮರ್ಯಾದೆ.

ಇನ್ನೊಬ್ಬರು

ಮೇಲಿನವರು ಹೇಳಿದ್ದು ಸರಿ. ಬಿಲ್ ಕನ್ನಡದಲ್ಲೂ ಬೇಕಾ ಸರ್? ಐಟೆಕ್ಸ್ಟ್ 5ರಲ್ಲಿ ನಮಗೆ ಒತ್ತಕ್ಷರ ಒಡೆದು ಬರುತ್ತಿತ್ತು. ನಾವು ಎಚ್‌ಟಿಎಂಎಲ್‌ನಲ್ಲಿ ಬಿಲ್ ಬರೆದು ಕ್ರೋಮಿಯಂ ಬ್ರೌಸರಿನಿಂದ ಪಿಡಿಎಫ್ ಮಾಡಿಸುತ್ತೇವೆ, ಅಕ್ಷರ ಚೆನ್ನಾಗಿ ಬರುತ್ತದೆ. ಫಾಂಟಿಗೂ ಲೈಸೆನ್ಸ್ ಇರುತ್ತದೆ, ನೋಡಿ. ನೋಟೊ ಸಾನ್ಸ್ ಕನ್ನಡ ಓಪನ್ ಫಾಂಟ್ ಲೈಸೆನ್ಸಿನಲ್ಲಿದೆ. ಸಾಫ್ಟ್‌ವೇರ್ ಜೊತೆ ಕೊಡಬಹುದು, ಫಾಂಟನ್ನಷ್ಟೇ ಮಾರುವಂತಿಲ್ಲ.

ಕೇಳಿದವರು

ಕನ್ನಡ ಬೇಕೇ ಬೇಕು ಸರ್. ಇವತ್ತು ಡಿಪೆಂಡೆನ್ಸಿ ಟ್ರೀ ತೆಗೆದೆ, ನಾನು ಹಾಕಿದ್ದು ಒಂಬತ್ತು ಲೈಬ್ರರಿ, ಒಳಗಿರುವುದು ನಲವತ್ತೊಂದು. ಒಂದೊಂದರ ಲೈಸೆನ್ಸ್ ಓದುತ್ತಿದ್ದೇನೆ.