ಪ್ರೋಟೀನ್ ಜಾಸ್ತಿ ಕೊಟ್ಟರೆ ಮಾಂಸ ಜಾಸ್ತಿಯಾಗುತ್ತಾ? ಬ್ರಾಯ್ಲರ್ ಸಾಕಿದವರ ಅನುಭವ

ಪ್ರಶ್ನೆ: ಇದು ನನ್ನ ಮೂರನೇ ಬ್ಯಾಚ್. ಎದೆ ಮಾಂಸ ಚೆನ್ನಾಗಿ ತುಂಬಲಿ ಅಂತ ಮೂವತ್ತು ದಿನ ಕಳೆದರೂ ಸ್ಟಾರ್ಟರ್ ಫೀಡನ್ನೇ (ಮರಿಗಳಿಗೆ ಮೊದಲ ದಿನಗಳಲ್ಲಿ ಕೊಡುವ, ಪ್ರೋಟೀನ್ ಹೆಚ್ಚಿರುವ ಆಹಾರ) ಕೊಡುತ್ತಿದ್ದೇನೆ. ಈಗ ಲಿಟ್ಟರ್ (ಶೆಡ್ಡಿನ ನೆಲದ ಹಾಸು) ಒದ್ದೆ, ಶೆಡ್ಡಿನಲ್ಲಿ ಅಮೋನಿಯಾ ವಾಸನೆ, ಕೆಲವು ಕೋಳಿಗಳ ಪಾದದಡಿ ಕಪ್ಪು ಹುಣ್ಣು. ಪ್ರೋಟೀನ್ ಎಷ್ಟಿರಬೇಕು? ಅನುಭವ ಇದ್ದವರು ಹೇಳಿ.

ಉತ್ತರ: ನಾನೂ ಇದೇ ತಪ್ಪು ಮಾಡಿದ್ದೆ. ಕೋಳಿ ಪ್ರೋಟೀನನ್ನು ಕೊಬ್ಬಿನ ಹಾಗೆ ಕೂಡಿಟ್ಟುಕೊಳ್ಳುವುದಿಲ್ಲ. ಬೇಕಾದಷ್ಟನ್ನು ಬಳಸಿ, ಉಳಿದದ್ದನ್ನು ಯೂರಿಕ್ ಆಸಿಡ್ ಮಾಡಿ ಹೊರಗೆ ಹಾಕುತ್ತದೆ. ಹಿಕ್ಕೆಯಲ್ಲಿ ಕಾಣುವ ಬಿಳಿ ಅದೇ. ಅದನ್ನು ಹೊರಹಾಕಲು ಕೋಳಿ ಜಾಸ್ತಿ ನೀರು ಕುಡಿಯುತ್ತದೆ. ಸೋಯಾ ಹಿಂಡಿಯಲ್ಲಿ ಪೊಟ್ಯಾಸಿಯಂ ಕೂಡ ಹೆಚ್ಚು, ಅದರಿಂದಲೂ ಬಾಯಾರಿಕೆ. ಒದ್ದೆಯಾದ ಲಿಟ್ಟರಿನಲ್ಲಿ ಬ್ಯಾಕ್ಟೀರಿಯಾಗಳು ಯೂರಿಕ್ ಆಸಿಡ್ಡನ್ನು ಅಮೋನಿಯಾ ಮಾಡುತ್ತವೆ. ಆ ಒದ್ದೆಯಲ್ಲೇ ನಿಂತು ನಿಂತು ಪಾದ ಸುಡುತ್ತದೆ. ಅಮೋನಿಯಾ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ) ದಾಟಿದರೆ ಕಣ್ಣು, ಉಸಿರಾಟ ಎರಡಕ್ಕೂ ತೊಂದರೆ. ಶೆಡ್ಡಿಗೆ ಹೋದಾಗ ಒಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಿ. ಕೋಳಿ ಉಸಿರಾಡುವ ಗಾಳಿ ಅದು, ನಿಂತಾಗ ನಮಗೆ ಸಿಗುವ ಗಾಳಿ ಅಲ್ಲ.

ನಾನು ಪಾಲಿಸುವ ಲೆಕ್ಕ ಹೀಗಿದೆ: ಮೊದಲ 10 ದಿನ 22–23%, ಸುಮಾರು 24ನೇ ದಿನದವರೆಗೆ 20–21%, ಆಮೇಲೆ 18–19%. ತಳಿಗೆ ತಕ್ಕಂತೆ ಸ್ವಲ್ಪ ಆಚೀಚೆ ಆಗುತ್ತದೆ.

ಹಾಗಂತ ಸುಮ್ನೆ ಮೆಕ್ಕೆಜೋಳ ಬೆರೆಸಿ ಪ್ರೋಟೀನ್ ಇಳಿಸಬೇಡಿ. ಅದನ್ನೂ ಮಾಡಿ ನೋಡಿದ್ದೇನೆ. ತೂಕವೇನೋ ಬಂತು, ಆದರೆ ಕೊಯ್ದಾಗ ಹೊಟ್ಟೆ ತುಂಬಾ ಹಳದಿ ಕೊಬ್ಬು, ಎದೆ ತೆಳ್ಳಗೆ. ಪ್ರೋಟೀನ್ ಇಳಿದು ಶಕ್ತಿ ಏರಿದರೆ ಹೀಗೆ ಆಗುವುದೇ.

ನನಗೆ ತಡವಾಗಿ ಅರ್ಥವಾದ ವಿಷಯ ಇದು. ಚೀಲದ ಮೇಲಿರುವ ಪ್ರೋಟೀನ್ ಅಂಕಿಗಿಂತ ಅದರೊಳಗಿನ ಅಮೈನೋ ಆಸಿಡ್‌ಗಳ (ಪ್ರೋಟೀನ್ ಕಟ್ಟುವ ಸಣ್ಣ ಘಟಕಗಳು) ಹೊಂದಾಣಿಕೆ ಮುಖ್ಯ. ಮೆಕ್ಕೆಜೋಳ–ಸೋಯಾ ಫೀಡಿನಲ್ಲಿ ಮೊದಲು ಕೊರತೆ ಬೀಳುವುದು ಮೆಥಿಯೋನಿನ್, ಆಮೇಲೆ ಲೈಸಿನ್, ಥ್ರಿಯೋನಿನ್. ಎದೆ ಮಾಂಸ ಬೆಳೆಯಲು ಲೈಸಿನ್ ಬೇಕೇ ಬೇಕು. ಇಟ್ಟಿಗೆ ರಾಶಿ ಬಿದ್ದಿದ್ದರೂ ಗಾರೆ ಮುಗಿದರೆ ಗೋಡೆ ಏಳುವುದಿಲ್ಲ ಅಲ್ವಾ? ಹಾಗೆಯೇ ಒಂದು ಅಮೈನೋ ಆಸಿಡ್ ಕಡಿಮೆಯಾದರೆ ಉಳಿದವು ವ್ಯರ್ಥವಾಗಿ ಮತ್ತೆ ಹಿಕ್ಕೆಗೇ ಹೋಗುತ್ತವೆ. ಈ ಮೂರನ್ನೂ ಸರಿಯಾಗಿ ಸೇರಿಸಿದ ಮೇಲೆ ಫೀಡಿನ ಪ್ರೋಟೀನ್ ಶೇಕಡಾ ಒಂದೆರಡು ಇಳಿಸಿದರೂ ನನ್ನ ಕೋಳಿಗಳ ತೂಕ ಇಳಿಯಲಿಲ್ಲ, ಲಿಟ್ಟರ್ ಒಣಗಿತು. ಅದಕ್ಕಿಂತ ಕೆಳಗೆ ಇಳಿಸಲು ಹೋಗಬೇಡಿ. ಆಗ ವ್ಯಾಲಿನ್, ಗ್ಲೈಸಿನ್ ಕೂಡ ಕೊರತೆಯಾಗುತ್ತವೆ. ಅದು ಫೀಡ್ ತಜ್ಞರ ಕೆಲಸ.

ಇನ್ನೊಬ್ಬರು: ಸೋಯಾ ಎಷ್ಟು ಹಾಕಿದಿರಿ ಅನ್ನುವುದಕ್ಕಿಂತ ಅದು ಸರಿಯಾಗಿ ಬೆಂದಿದೆಯಾ ನೋಡಿ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಟ್ರಿಪ್ಸಿನ್ ಇನ್ಹಿಬಿಟರ್ ಇರುತ್ತದೆ. ಅತಿಯಾಗಿ ಬೆಂದರೆ ಲೈಸಿನ್ ಹಾಳಾಗುತ್ತದೆ. ಜೀರ್ಣವಾಗದ ಪ್ರೋಟೀನ್ ಕರುಳಿನ ಕೆಳಭಾಗಕ್ಕೆ ಇಳಿದರೆ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಕ್ಕೆ ಹಬ್ಬ. ನೆಕ್ರೋಟಿಕ್ ಎಂಟರೈಟಿಸ್ (ಕರುಳಿನ ಒಳಪದರ ಕೊಳೆಯುವ ಕಾಯಿಲೆ) ಬರುವ ಒಂದು ದಾರಿ ಅದು. ಮೀನಿನ ಪುಡಿ ಜಾಸ್ತಿ ಹಾಕಿದ ಒಂದು ಬ್ಯಾಚಿನಲ್ಲಿ ನನಗೆ ಈ ಕಾಯಿಲೆ ಬಂದು ತುಂಬಾ ಕೋಳಿ ಸತ್ತವು. ಈಗ ಪ್ರತಿ ಲೋಡಿಗೂ ಯೂರಿಯೇಸ್ ಪರೀಕ್ಷೆ (ಸೋಯಾ ಸಾಕಷ್ಟು ಬೆಂದಿದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸುತ್ತೇನೆ.

ಮತ್ತೊಬ್ಬರು: ಮಾಂಸ ಕತ್ತರಿಸುವ ಕೆಲಸದಲ್ಲಿದ್ದೇನೆ. ಎದೆಯ ಮೇಲೆ ಬಿಳಿ ಗೆರೆ, ಮರದಂತೆ ಗಟ್ಟಿಯಾದ ಎದೆ ಕಂಡರೆ ಕೆಲವರು ಪ್ರೋಟೀನ್ ಸಾಲಲಿಲ್ಲ ಅಂದುಕೊಳ್ಳುತ್ತಾರೆ. ಹಾಗಲ್ಲ. ಬೇಗ ಬೆಳೆದು ಭಾರವಾದ ಕೋಳಿಗಳಲ್ಲೇ ಅದು ಹೆಚ್ಚು. ಇನ್ನೂ ಪ್ರೋಟೀನ್ ಸುರಿದರೆ ಸರಿಹೋಗುವುದಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಈಗಿರುವ ಬ್ಯಾಚಿಗೆ ಏನು ಮಾಡಲಿ? ಲಿಟ್ಟರ್ ಒಣಗಲಿ ಅಂತ ನೀರು ಕಡಿಮೆ ಮಾಡಲಾ?

ಉತ್ತರ: ನೀರು ಮಾತ್ರ ಖಂಡಿತ ಕಡಿಮೆ ಮಾಡಬೇಡಿ. ಪ್ರೋಟೀನ್ ಜಾಸ್ತಿ ಇದ್ದು ನೀರು ಸಾಲದಿದ್ದರೆ ಕಿಡ್ನಿಗೆ ಪೆಟ್ಟು ಬಿದ್ದು, ಯೂರಿಕ್ ಆಸಿಡ್ ಮೈಯೊಳಗೇ ಕೂರುವ ಗೌಟ್ ಕಾಯಿಲೆ ಬರಬಹುದು. ಹೃದಯ, ಯಕೃತ್ತಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕಾಣುತ್ತದೆ. ಎರಡು ಮೂರು ದಿನ ಎರಡೂ ಫೀಡ್ ಬೆರೆಸಿ ಕೊಡುತ್ತಾ ಫಿನಿಷರ್‌ಗೆ (ಕೊನೆಯ ಹಂತದ ಫೀಡ್) ಬದಲಿಸಿ. ಗಡ್ಡೆ ಕಟ್ಟಿದ ಲಿಟ್ಟರ್ ತೆಗೆದು ಒಣಗಿದ್ದು ಹಾಕಿ, ಗಾಳಿ ಆಡಲು ಬಿಡಿ. ನೀರಿನ ನಿಪ್ಪಲ್ (ಕೋಳಿ ಕುಡಿಯುವ ನಳಿಕೆಯ ತುದಿ) ಸೋರುತ್ತಿದೆಯಾ ಅಂತಲೂ ಇವತ್ತೇ ನೋಡಿ.