ತೆರಿಗೆ ಲೆಕ್ಕಕ್ಕೆ ತಂತ್ರಾಂಶವೋ, ಸ್ಪ್ರೆಡ್‌ಶೀಟೋ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸ್ವತಂತ್ರ ಸಾಫ್ಟ್‌ವೇರ್ ಡೆವಲಪರ್. 2024-25ನೇ ಹಣಕಾಸು ವರ್ಷದ ಆದಾಯವನ್ನು ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನಡಿ (ವೃತ್ತಿಪರರು ಲಾಭವನ್ನು ಅಂದಾಜಿನ ಮೇಲೆ ತೋರಿಸುವ ವ್ಯವಸ್ಥೆ) ತೋರಿಸಲು ಸ್ಪ್ರೆಡ್‌ಶೀಟ್ ಸಾಕೇ, ಇಲ್ಲವೇ ತೆರಿಗೆ ತಂತ್ರಾಂಶವನ್ನು ಕೊಳ್ಳಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಆ ಕಲಮಿನಲ್ಲಿ ವೃತ್ತಿಯ ಒಟ್ಟು ಗಳಿಕೆಯ ಕನಿಷ್ಠ ಶೇ. 50ರಷ್ಟನ್ನು ಲಾಭವೆಂದು ಘೋಷಿಸಿದರೆ ಖರ್ಚಿನ ಲೆಕ್ಕಪುಸ್ತಕಗಳನ್ನು ಇಡಬೇಕಾಗಿಲ್ಲವಾದ್ದರಿಂದ, ಬಿಲ್ಲು, ಬ್ಯಾಂಕ್ ಜಮೆ ಹಾಗೂ ಟಿಡಿಎಸ್ (ಹಣ ಕೊಡುವವರು ಮೊದಲೇ ಕಡಿದುಕೊಂಡ ತೆರಿಗೆ) ದಾಖಲಿಸಲು ಸ್ಪ್ರೆಡ್‌ಶೀಟ್ ಧಾರಾಳವಾಗಿ ಸಾಕು. ಮುಂಗಡ ತೆರಿಗೆಯನ್ನೂ ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು.

ಉತ್ತರ 2: ವಿದೇಶಿ ಷೇರುಗಳಿದ್ದರೆ ನನ್ನ ಅಭಿಪ್ರಾಯ ಬೇರೆ. ಆಗ ಅಂದಾಜು ಆದಾಯದವರ ಸರಳ ತೆರಿಗೆ ವಿವರ ನಮೂನೆಯಾದ ಐಟಿಆರ್-4 ನಡೆಯದೆ, ಹೆಚ್ಚು ವಿವರ ಕೇಳುವ ಐಟಿಆರ್-3 ಸಲ್ಲಿಸಬೇಕಾಗುತ್ತದೆ. ವಿದೇಶಿ ಆಸ್ತಿಯ ವಿವರವನ್ನು ಹಣಕಾಸು ವರ್ಷದ ಬದಲು ಕ್ಯಾಲೆಂಡರ್ ವರ್ಷಕ್ಕೆ (ಜನವರಿಯಿಂದ ಡಿಸೆಂಬರ್) ಅನುಗುಣವಾಗಿ ಕೊಡಬೇಕಾದ್ದರಿಂದ ತಂತ್ರಾಂಶವೇ ಮೇಲು.

ಉತ್ತರ 3: ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಉಚಿತ ಆಫ್‌ಲೈನ್ ತಂತ್ರಾಂಶವೂ ಇದೆ. ಯಾವುದನ್ನು ಬಳಸಿದರೂ, ಸಲ್ಲಿಸುವ ಮೊದಲು ಮೊತ್ತಗಳನ್ನು 26ಎಎಸ್ (ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್‌ (ಇಲಾಖೆಗೆ ತಿಳಿದುಬಂದ ನಿಮ್ಮ ಆದಾಯ, ವಹಿವಾಟುಗಳ ವಾರ್ಷಿಕ ಪಟ್ಟಿ) ಗಳೊಂದಿಗೆ ನೀವೇ ತಾಳೆ ನೋಡಿ.